ದೊಡ್ಡೀರಪ್ಪ ಹೋಬಳಿ

ನನ್ನ ಭಾವ ಬಾಲರಾಜು ಬರುವುದು ನನಗೆ ಹತ್ತು ಮಾರು ದೂರದಿಂದಲೇ ಗೊತ್ತಾಗುತ್ತದೆ. ಅವನ ಅಂಗಿಯ ಜೇಬಿನಲ್ಲಿ ಆರು ಇಂಚಿನ ಸ್ಟೀಲ್ ಸ್ಕೇಲು ಸದಾ ಇರುತ್ತದೆ. ನಡೆಯುವಾಗ ಅದು ಪೆನ್ನಿಗೆ ಬಡಿದು ಟಿಕ್ ಟಿಕ್ ಎನ್ನುತ್ತದೆ. ಆ ಸದ್ದು ಕೇಳಿದರೆ ಸಾಕು, ನಾನು ಹಲ್ಲು ಕಚ್ಚುತ್ತೇನೆ. ಆರನೇ ವಯಸ್ಸಿನಿಂದ ನನಗೆ ಕಣ್ಣು ಕಾಣಿಸುವುದಿಲ್ಲ. ಹಾಗಾಗಿ ನಾನು ಜನರನ್ನು ದ್ವೇಷಿಸುವುದೂ ಕಿವಿಯಿಂದಲೇ.

ಅವನನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಮಾತಿದೆ. ಒದೆಯಲಿ ಬಿಡಿ. ಎದುರಿಗೆ ಸಿಕ್ಕಾಗ ಅವ್ವ ಕಲಿಸಿದಂತೆ ‘ರೀ’ ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗ ಮಾತ್ರ ಅವನು ಅವನೇ.

ಬಾಲರಾಜು ತಳಕಿನವನು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾದ ವರ್ಷ ಚಳ್ಳಕೆರೆಗೆ ಬಂದು ಮುರುಗೇಂದ್ರಪ್ಪನವರ ಪ್ರೆಸ್ಸಿಗೆ ಸೇರಿದ. ಎಣ್ಣೆ ಮಿಲ್ಲಿನ ಪಕ್ಕದ ಸಂದಿಯಲ್ಲಿರುವ ಆ ಪ್ರೆಸ್ಸಿನಲ್ಲಿ ಶೇಂಗಾ ಹಿಂಡಿಯ ವಾಸನೆಯನ್ನೂ ಇಂಕಿನ ವಾಸನೆಯನ್ನೂ ಬೇರೆ ಮಾಡಲಾಗುವುದಿಲ್ಲ. ಅಲ್ಲಿ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತ. ಮದುವೆ ಪತ್ರಿಕೆಯನ್ನು ಯಾರು ಬೇಕಾದರೂ ಜೋಡಿಸುತ್ತಾರೆ. ಗೆರೆಯ ಕೆಲಸ ಕಷ್ಟದ್ದು. ರಸೀದಿ, ಹಾಜರಿ ಪುಸ್ತಕ, ಅರ್ಜಿ ನಮೂನೆ, ಇವಕ್ಕೆಲ್ಲ ಹಿತ್ತಾಳೆಯ ಪಟ್ಟಿಗಳನ್ನು ಮೂಲೆಗೆ ಮೂಲೆ ಕೂಡಿಸಿ ಚೌಕ ಕಟ್ಟಬೇಕು. ಮೂಲೆಯಲ್ಲಿ ಕೂದಲೆಳೆಯಷ್ಟು ಬಿಳಿ ಕಂಡರೂ ಬಾಲರಾಜು ಒಡೆದು ಮತ್ತೆ ಕಟ್ಟುತ್ತಿದ್ದನಂತೆ. ಜಿಲ್ಲೆಯಲ್ಲಿ ಅವನಷ್ಟು ಚೊಕ್ಕವಾಗಿ ಗೆರೆಯ ಕೆಲಸ ಮಾಡುವವರು ಇರಲಿಲ್ಲ ಎಂದು ಅವನ ವೈರಿಗಳೂ ಹೇಳುತ್ತಾರೆ. ನಾನೂ ಹೇಳುತ್ತೇನೆ.

ಪ್ರೆಸ್ಸಿನಲ್ಲಿ ಒಂದು ಪದ್ಧತಿ ಇತ್ತು. ಜೋಡಿಸಿದ್ದು ಯಂತ್ರಕ್ಕೆ ಹೋಗುವ ಮೊದಲು ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಪೆನ್ಸಿಲು ಹಿಡಿದು ಪ್ರೂಫಿನ ಮೇಲೆ ಗುರುತು ಹಾಕುತ್ತಾ ಹೋಗಬೇಕು. ಚುಕ್ಕಿ, ಗೆರೆ, ಖಾಲಿ ಜಾಗ ಎಲ್ಲವನ್ನೂ ಬಾಯಿಬಿಟ್ಟು ಓದಬೇಕು. ನನ್ನ ಅಕ್ಕ ರಂಗಕ್ಕನನ್ನು ಮದುವೆಯಾದ ಹೊಸದರಲ್ಲಿ ಅವನು ಪ್ರೂಫುಗಳನ್ನು ಮನೆಗೇ ತರುತ್ತಿದ್ದ. ಏಳನೇ ಕ್ಲಾಸು ಓದಿದ ನನ್ನಕ್ಕ ಒಂದು ಕೈಯಲ್ಲಿ ಮುದ್ದೆ ತಿರುವುತ್ತಾ “ಹೆಸರು, ಗೆರೆ. ತಂದೆಯ ಹೆಸರು, ಗೆರೆ” ಎಂದು ಓದುತ್ತಿದ್ದಳು. ಒಂದು ಗೆರೆ ಬಿಟ್ಟರೆ ಮತ್ತೆ ಮೊದಲಿಂದ ಓದಿಸುತ್ತಿದ್ದ. ಅವಳ ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಗೆರೆಯೊಂದೇ ಅವನ ಚಟ.

ನನ್ನ ಜೊತೆ ಮಾತ್ರ ಅವನು ಮಾತಾಡುತ್ತಿರಲಿಲ್ಲ. ಸಿಟ್ಟಿನಿಂದಲ್ಲ. ಕುರುಡನಿಗೆ ಹೇಳಬೇಕಾದ್ದನ್ನು ಪಕ್ಕದಲ್ಲಿದ್ದವರಿಗೆ ಹೇಳಬೇಕು ಎಂದು ಅದ್ಯಾರು ಅವನಿಗೆ ಕಲಿಸಿದ್ದರೋ! ನಾನು ಎದುರಿಗೇ ಕೂತಿರುತ್ತಿದ್ದೆ. ಅವನು “ರಂಗೀ, ಇವನಿಗೆ ಚಾ ಬೇಕಾ ಕೇಳು” ಎನ್ನುತ್ತಿದ್ದ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಮೈ ಉರಿಯತೊಡಗಿತು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು.

ಅಚ್ಚಿನ ಯಂತ್ರ ಗುಜರಿಗೆ ಹೋದ ಮೇಲೆ ಅವನು ಕಂಪ್ಯೂಟರ್ ಕಲಿತ. ಆಮೇಲೆ ವೆಬ್‌ಸೈಟ್ ಮಾಡುವುದನ್ನೂ ಕಲಿತ. ಅದೂ ಸಣ್ಣ ಮಾತಲ್ಲ. ಆದರೆ ಅಲ್ಲಿಯೂ ಅವನು ಕಟ್ಟಿದ್ದು ಹಿತ್ತಾಳೆಯ ಚೌಕಗಳನ್ನೇ. ವೆಬ್ ಪುಟದಲ್ಲಿ ಟೇಬಲ್ ಎಂಬುದೊಂದಿದೆ, ಸಾಲು ಮತ್ತು ಕಾಲಮ್ಮುಗಳ ಪಟ್ಟಿ. ಅಂಕಪಟ್ಟಿಗೋ ಬಸ್ಸಿನ ವೇಳಾಪಟ್ಟಿಗೋ ಮಾಡಿದ್ದು ಅದು. ಬಾಲರಾಜು ಅರ್ಜಿಯನ್ನೂ ಅದರಲ್ಲೇ ಕಟ್ಟಿದ. ಟೇಬಲ್ಲಿನೊಳಗೆ ಟೇಬಲ್, ಅದರೊಳಗೆ ಇನ್ನೊಂದು. ಅಳತೆಗೆ ತನ್ನ ಸ್ಟೀಲ್ ಸ್ಕೇಲನ್ನು ತೆಗೆದು ಕಂಪ್ಯೂಟರಿನ ಪರದೆಯ ಮೇಲೇ ಇಡುತ್ತಿದ್ದನಂತೆ. ಊರಿನ ಶಾಲೆ, ಸಂಘ, ಬೀಜದ ಅಂಗಡಿ ಎಲ್ಲರ ಅರ್ಜಿಗಳೂ ಅವನ ಕೈಯಿಂದಲೇ ಹೊರಟವು. ನೋಡಿದವರು ಅಚ್ಚು ಹಾಕಿದಂತಿದೆ ಎನ್ನುತ್ತಿದ್ದರು. ನಾನು ನೋಡುವವನಲ್ಲವಲ್ಲ, ಕೇಳುವವನು.

ನನ್ನ ಫೋನು ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಅದರಿಂದಲೇ ನಾನು ಪತ್ರಿಕೆ ಓದುತ್ತೇನೆ, ಕೊಂಡ್ಲಹಳ್ಳಿಯ ಹೈಸ್ಕೂಲಿನಲ್ಲಿ ಇತಿಹಾಸದ ಪಾಠಕ್ಕೆ ತಯಾರಾಗುತ್ತಿದ್ದುದೂ ಅದರಿಂದಲೇ. ಅಲ್ಲಿ ಹನ್ನೊಂದು ವರ್ಷ ಅತಿಥಿ ಶಿಕ್ಷಕನಾಗಿದ್ದೆ. ಜೂನ್‌ನಲ್ಲಿ ಕರೆಯುವುದು, ಮಾರ್ಚ್‌ನಲ್ಲಿ ಕಳಿಸುವುದು. ಹನ್ನೊಂದು ವರ್ಷ ಇಟ್ಟುಕೊಂಡು ಮಾರ್ಚ್ ಬಂದರೆ ಹೊರಗೆ ಹಾಕುವ ಅತಿಥಿ ಎಂಥವನು, ನೀವೇ ಹೇಳಿ. ಹೀಗಿರುವಾಗ ಚಳ್ಳಕೆರೆಯ ಒಂದು ವಿದ್ಯಾಸಂಸ್ಥೆ ಇತಿಹಾಸದ ಕಾಯಂ ಮೇಷ್ಟರ ಕೆಲಸಕ್ಕೆ ಅರ್ಜಿ ಕರೆಯಿತು. ಸಂಸ್ಥೆಯ ಕಾರ್ಯದರ್ಶಿ ಪ್ರೆಸ್ಸಿನ ಮುರುಗೇಂದ್ರಪ್ಪನವರೇ. ಅರ್ಜಿ ವೆಬ್‌ಸೈಟಿನಲ್ಲಿ ಮಾತ್ರ. ಕಟ್ಟಿದವನು ನನ್ನ ಭಾವ.

ಅದು ಹೋದ ವರ್ಷದ ಮಾತು. ಫೋನಿನಲ್ಲಿ ಅರ್ಜಿಯ ಮೊದಲ ಭಾಗ ತೆರೆದೆ. “ಹೆಸರು. ವಿಳಾಸ. ತಂದೆಯ ಹೆಸರು. ಜನ್ಮ ದಿನಾಂಕ” ಎಂದಿತು. ಆಮೇಲೆ “ಚೌಕ, ಚೌಕ, ಚೌಕ” ಎಂದು ಆರು ಸಲ ಹೇಳಿತು. ಮೇಲಿನ ಸಾಲಿನಲ್ಲಿ ಹೆಸರುಗಳು, ಕೆಳಗಿನ ಸಾಲಿನಲ್ಲಿ ಚೌಕಗಳು. ಯಾವ ಚೌಕ ಯಾವುದರದ್ದು ಎಂದು ಹೇಳುವ ಒಂದೇ ಒಂದು ಮಾತಿಲ್ಲ. ಹೆಸರು ನಾಲ್ಕು, ಚೌಕ ಆರು. ಎರಡು ಹೆಚ್ಚಾಗಿ ಬಿದ್ದಿವೆ ಎಂದುಕೊಂಡೆ. ಮೊದಲನೆಯದರಲ್ಲಿ ಗಾದ್ರಪ್ಪ ಎಂದು ಬರೆದೆ, ಎರಡನೆಯದರಲ್ಲಿ ಊರು, ಮೂರನೆಯದರಲ್ಲಿ ನನ್ನಪ್ಪ ದೊಡ್ಡೀರಪ್ಪನ ಹೆಸರು, ನಾಲ್ಕನೆಯದರಲ್ಲಿ ಹುಟ್ಟಿದ ತಾರೀಖು. ನಿಜಕ್ಕೂ ವಿಳಾಸ ಎಂಬ ಒಂದು ತಲೆಬರಹದ ಕೆಳಗೆ ಮೂರು ಚೌಕಗಳಿದ್ದವು: ಊರು, ಹೋಬಳಿ, ತಾಲ್ಲೂಕು. ಆ ಮಾತುಗಳು ಹಳೆಯ ಅಚ್ಚಿನ ನಮೂನೆಯಲ್ಲಿದ್ದ ಹಾಗೆ ಚೌಕಗಳ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿದ್ದವು. ಫೋನು ಅವನ್ನು ಎಲ್ಲ ಮುಗಿದ ಮೇಲೆ, ಯಾವುದಕ್ಕೂ ಸೇರದ ಮಾತಿನಂತೆ ಓದುತ್ತಿತ್ತು.

ಅರ್ಜಿ ತಿರಸ್ಕಾರವಾಯಿತು. ಸಂಸ್ಥೆಯ ಕಂಪ್ಯೂಟರ್ ಟೀಚರ್ ದೀಪಿಕಾ, ಮುರುಗೇಂದ್ರಪ್ಪನವರ ಸೊಸೆ, ಕಾರಣವನ್ನು ತಗ್ಗಿದ ದನಿಯಲ್ಲಿ ಓದಿ ಹೇಳಿದಳು. “ತಂದೆಯ ಹೆಸರು ಇಲ್ಲ ಅಂತ ಬರೆದಿದ್ದಾರೆ ಸರ್. ಹೋಬಳಿ ಅನ್ನೋ ಕಡೆ ದೊಡ್ಡೀರಪ್ಪ ಅಂತ ಇದೆ.” ಆಯ್ಕೆ ಸಮಿತಿಯಲ್ಲಿ ಯಾರೋ, ಒಂದು ಅರ್ಜಿ ತುಂಬಲು ಬರದವನು ಪಾಠ ಏನು ಮಾಡಿಯಾನು ಎಂದರಂತೆ.

ನನ್ನಪ್ಪ ತೀರಿಕೊಂಡು ಎಂಟು ವರ್ಷವಾಗಿತ್ತು. ಶಾಲೆಗೆ ನನ್ನ ಕೈ ಹಿಡಿದು ಮೂರು ಮೈಲಿ ನಡೆಸಿಕೊಂಡು ಹೋಗಿ, ಸಂಜೆಯವರೆಗೂ ಹುಣಸೇಮರದ ಕೆಳಗೆ ಕೂತಿದ್ದು ಮತ್ತೆ ಕರೆದುಕೊಂಡು ಬರುತ್ತಿದ್ದವನು. ಅಂಥವನ ಮಗನಿಗೆ ತಂದೆಯ ಹೆಸರಿಲ್ಲ ಎಂದು ಕಾಗದದಲ್ಲಿ ಬಂತು. ಒಂದು ವಾರ ಕಳೆದ ಮೇಲೆ ಚಳ್ಳಕೆರೆಯಲ್ಲಿ ಬಸ್ಸಿಳಿದಾಗ ಚಾದಂಗಡಿಯ ಜಂಪಣ್ಣ ಕೂಗಿದ:

“ಏನ್ ಮೇಷ್ಟ್ರೇ, ದೊಡ್ಡೀರಪ್ಪ ಹೋಬಳಿಯಿಂದ ಬಂದ್ರಾ?”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವರ ನಡುವೆ ಟಿಕ್ ಟಿಕ್ ಎಂಬ ಸದ್ದೂ ಕೇಳಿತು. ಅರ್ಜಿಯ ಸಂಗತಿಯನ್ನು ಅಲ್ಲಿ ಹೇಳಿದವನು ಯಾರೆಂದು ತಿಳಿಯಲು ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಹೆಣ್ಣು ಕೊಟ್ಟ ಮಾವನ ಹೆಸರನ್ನು ಚಾದಂಗಡಿಯ ನಗೆಗೆ ಮಾರಿದವನು ಅವನು. ಅವತ್ತು ನನ್ನ ಕೈಗೆ ಅವನ ಸ್ಕೇಲು ಸಿಕ್ಕಿದ್ದರೆ ಮುರಿದು ಹಾಕುತ್ತಿದ್ದೆ.

ಹೋದ ವರ್ಷ ಆ ಕೆಲಸಕ್ಕೆ ಬಂದವನು ನಾಲ್ಕೇ ತಿಂಗಳಲ್ಲಿ ಬಿಟ್ಟುಹೋದ. ಹಾಗಾಗಿ ಈ ವರ್ಷ ಮತ್ತೆ ಅರ್ಜಿ ಕರೆದರು. ವಯಸ್ಸಿನ ಮಿತಿ ನಮ್ಮಂಥವರಿಗೆ ಕೊಡುವ ರಿಯಾಯಿತಿಯೂ ಸೇರಿ ನಲವತ್ತೈದು. ನನಗೆ ನಲವತ್ನಾಲ್ಕು ತುಂಬಿತ್ತು. ಇದು ತಪ್ಪಿದರೆ ಆಮೇಲೆ ಇಲ್ಲ. ಮೇಲಾಗಿ ಸಮಿತಿಯವರು ಹೊಸ ನಿಯಮ ಮಾಡಿದ್ದರು. ಅಭ್ಯರ್ಥಿಗಳು ಶನಿವಾರ ಶಾಲೆಯ ಕಂಪ್ಯೂಟರ್ ಕೋಣೆಗೇ ಬಂದು, ಯಾರ ನೆರವೂ ಇಲ್ಲದೆ, ಅರ್ಧ ಗಂಟೆಯೊಳಗೆ ತಾವೇ ಅರ್ಜಿ ತುಂಬಬೇಕು. ನನಗಾಗಿ ದೀಪಿಕಾ ಒಂದು ಕಂಪ್ಯೂಟರಿಗೆ ಓದುವ ದನಿಯನ್ನು ಹಾಕಿಸಿದ್ದಳು. ದನಿ ಇದ್ದರೇನು, ಅದು ಓದುವ ಅರ್ಜಿ ಅದೇ. ಒಟ್ಟು ನಲವತ್ತೊಂದು ಚೌಕ. ಬಾಯಿಪಾಠ ಮಾಡಲು ನೋಡಿದೆ. ಇಪ್ಪತ್ತು ದಾಟಿದ ಮೇಲೆ ಪ್ರತಿ ಸಲವೂ ದಾರಿ ತಪ್ಪಿತು.

“ಇದನ್ನ ಟೇಬಲ್ ಇಲ್ಲದೆ ಕಟ್ಟಬಹುದು ಸರ್,” ಎಂದಳು ದೀಪಿಕಾ. “ಪ್ರತಿ ಹೆಸರನ್ನೂ ಅದರದರ ಚೌಕಕ್ಕೆ ಕಟ್ಟಿಬಿಡೋದು. ಎಲ್ಲಿ ನಿಲ್ಲಬೇಕು, ಎಷ್ಟು ಅಗಲ, ಯಾವ ಗೆರೆ ಅನ್ನೋದನ್ನೆಲ್ಲ ಬೇರೆ ಕಡೆ ಬರೆಯೋದು. ಸಿಎಸ್ಎಸ್ ಅಂತಾರೆ. ನೋಡೋರಿಗೆ ಈಗ ಹೆಂಗಿದೆಯೋ ಹಂಗೇ ಕಾಣುತ್ತೆ, ನಿಮಗೆ ಸರಿಯಾಗಿ ಕೇಳುತ್ತೆ. ಆದರೆ ಪಾಸ್‌ವರ್ಡ್ ಬಾಲರಾಜಣ್ಣನ ಹತ್ರ ಇದೆ. ಅವರು ಕೊಡಲ್ಲ.”

ಮುರುಗೇಂದ್ರಪ್ಪನವರನ್ನು ಕೇಳಿದೆ. “ಬಾಲರಾಜನ ಕೆಲಸಕ್ಕೆ ನಾನು ಇವತ್ತಿನವರೆಗೂ ಬಾಯಿ ಹಾಕಿಲ್ಲಪ್ಪ. ನಿಮ್ಮ ಭಾವ ತಾನೇ? ನೀನೇ ಕೇಳು,” ಎಂದು ಕೈ ತೊಳೆದುಕೊಂಡರು.

ಭಾನುವಾರ ಅಕ್ಕನ ಮನೆಗೆ ಹೋದೆ.

“ರಂಗೀ, ಇವನಿಗೆ ಚಾ ಬೇಕಾ ಕೇಳು.”

“ಚಾ ಬ್ಯಾಡ್ರಿ ಭಾವ. ಆ ಅರ್ಜಿ ಬದ್ಲು ಮಾಡ್ರಿ. ನನಗೆ ಅದು ತುಂಬಾಕಾಗಲ್ಲ.”

“ಊರಿಗೆಲ್ಲ ತುಂಬಾಕಾಗುತ್ತೆ, ಇವನಿಗೊಬ್ಬನಿಗೆ ಆಗಲ್ವಂತೇನೇ? ಮೂವತ್ತು ವರ್ಷ ಗೆರೆ ಹಾಕೀನಿ. ನಿನ್ನ ತಮ್ಮನಿಗೋಸ್ಕರ ಈಗ ಕಿತ್ತಾಕ್ಬೇಕಾ? ಗೆರೆ ಇಲ್ದಿದ್ರೆ ಅದು ಅರ್ಜಿಯೋ, ಸಂತೆಯೋ?”

ನನಗೆ ತಡೆಯಲಾಗಲಿಲ್ಲ. “ಬ್ರಹ್ಮಗಿರಿ ಬಂಡೆ ಮ್ಯಾಲಿನ ಅಕ್ಷರ ಎರಡು ಸಾವಿರ ವರ್ಷದ್ದು. ಅದನ್ನಾದ್ರೂ ಬೆರಳಾಡಿಸಿ ತಿಳ್ಕೊಂಡೇನು. ನಿಮ್ಮ ಅರ್ಜಿ ಮಾತ್ರ ಆಗಲ್ಲ. ಸತ್ತೋನ ಹೆಸರು ಹಿಡ್ಕೊಂಡು ನಗಾಡೋಕೆ ಆಗುತ್ತೆ ನಿಮಗೆ.”

“ಇವನನ್ನ ಸುಮ್ನಿರು ಅನ್ನು ರಂಗೀ.”

“ನೀವಿಬ್ರೂ ಸುಮ್ನಿರ್ರಿ!” ಎಂದು ಅಕ್ಕ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ಸ್ಕೇಲಿನ ಸದ್ದು ಬಾಗಿಲು ದಾಟಿ ಬೀದಿಗೆ ಇಳಿಯಿತು. ಅಕ್ಕನ ಮನೆಯಲ್ಲಿ ಅವತ್ತು ನಾನು ನೀರೂ ಕುಡಿಯಲಿಲ್ಲ.

ಬಸ್ಸು ತಳಕು ದಾಟಿ ಕೊಂಡ್ಲಹಳ್ಳಿಯ ಕಡೆ ಹೋಗುವಾಗ, ನನ್ನ ಕಿವಿಯಲ್ಲಿ ಅಕ್ಕನ ಹಳೆಯ ದನಿ ಬಂತು. “ಹೆಸರು, ಗೆರೆ. ತಂದೆಯ ಹೆಸರು, ಗೆರೆ.” ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದುಕೊಂಡೆ.

ಬುಧವಾರ ದೀಪಿಕಾಳನ್ನು ಕರೆದುಕೊಂಡು ಪ್ರೆಸ್ಸಿಗೆ ಹೋದೆ.

“ಭಾವ, ಒಂದು ಮಾತು ಕೇಳಿ ಹೋಗ್ತೀನಿ. ಈ ಅರ್ಜಿ ಪ್ರೂಫ್ ನೋಡಿದೀರಾ?”

ಅವನು ಕೀಬೋರ್ಡು ಕುಟ್ಟುತ್ತಲೇ ಇದ್ದ.

“ಗಟ್ಟಿಯಾಗಿ ಓದಿಸಿದೀರಾ? ಇಲ್ವಲ್ಲ? ಹಂಗಾದ್ರೆ ಇಷ್ಟು ವರ್ಷ ಪ್ರೂಫ್ ನೋಡ್ದೇನೇ ಹೊರಗೆ ಬಿಟ್ಟೀರಿ.”

ಅಚ್ಚಿನವನಿಗೆ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಬೇಕೆಂದೇ ಬೈದೆ. ಅವನು ಯಾವುದೋ ಕೀಲಿಯನ್ನು ಜೋರಾಗಿ ಒತ್ತಿದ. ಪ್ರಿಂಟರು ಗುರುಗುಟ್ಟಿ ಒಂದು ಹಾಳೆ ಉಗುಳಿತು. ಡ್ರಾಯರು ತೆಗೆದ ಸದ್ದು, ಪೆನ್ಸಿಲು ಹುಡುಕಿದ ಸದ್ದು.

“ಓದಿಸ್ರಿ ಅಮ್ಮಾರೆ,” ಎಂದ ದೀಪಿಕಾಳಿಗೆ. “ಅದೇನು ಓದುತ್ತೋ ನೋಡೇ ಬಿಡಾನ.”

ನಾನು ಫೋನಿನ ದನಿ ಜೋರು ಮಾಡಿದೆ. “ಟೇಬಲ್. ಟೇಬಲ್ಲಿನೊಳಗೆ ಟೇಬಲ್. ಹೆಸರು. ವಿಳಾಸ. ತಂದೆಯ ಹೆಸರು. ಜನ್ಮ ದಿನಾಂಕ. ಚೌಕ. ಚೌಕ. ಚೌಕ.” ‘ಹೆಸರು’ ಎಂದಾಗ ಪೆನ್ಸಿಲು ಕಾಗದದ ಮೇಲೆ ಒಂದು ಸಲ ಗೀಚಿತು. ಮುಂದೆ ಗೀಚಲಿಲ್ಲ.

“ಇನ್ನೊಂದ್ಸಲ.”

ಮತ್ತೆ ಓದಿಸಿದೆ. ಮೂರನೆಯ ಸಲವೂ ಓದಿಸಿದ. ಆಮೇಲೆ ಕೇಳಿದ, “ಆ ಸಣ್ಣ ಅಕ್ಷರ ಐತಲ್ಲಮ್ಮಾರೆ, ಊರು, ಹೋಬಳಿ, ತಾಲ್ಲೂಕು. ಅದನ್ನ ಯಾವಾಗ ಓದುತ್ತೆ?”

“ಎಲ್ಲಾ ಮುಗಿದ ಮೇಲೆ, ಬಾಲರಾಜಣ್ಣ. ನಾನು ಬೇಕಾದ್ರೆ ಇವತ್ತೇ ಸರಿ ಮಾಡಿ...”

“ನನ್ನ ಕೆಲಸಕ್ಕೆ ಕೈ ಹಾಕ್ಬ್ಯಾಡ್ರಿ. ನಡೀರಿ ಅಮ್ಮಾರೆ, ಅವನನ್ನೂ ಕರ್ಕೊಂಡು ನಡೀರಿ.”

ಹೊರಗೆ ಬಂದು ನಾನು ನಕ್ಕೆ. ನೋಯಿಸಿದ್ದೆ, ಖುಷಿಯಾಗಿತ್ತು. ಆದರೆ ಖುಷಿಯಿಂದ ಅರ್ಜಿ ತುಂಬಲಾಗುವುದಿಲ್ಲ. ಶುಕ್ರವಾರ ಸಂಜೆ ಐದಕ್ಕೆ ದೀಪಿಕಾ ಫೋನು ಮಾಡಿ, ವೆಬ್‌ಸೈಟಿನಲ್ಲಿ ಇನ್ನೂ ಹಳೆಯದೇ ಇದೆ ಎಂದಳು. ಅಕ್ಕನೂ ಫೋನು ಮಾಡಿದ್ದಳು. “ಮೂರು ದಿನದಿಂದ ಮಾತಾಡ್ಸಿದ್ರೆ ಉರ್ಕಂಡು ಬೀಳ್ತೈತಪ್ಪ ಈ ಪ್ರಾಣಿ. ಏನು ಮಾಡ್ದೆ ನೀನು?” ಎಂದಳು. ಏನೂ ಮಾಡಿಲ್ಲ, ಓದಿಸಿದೆ ಅಷ್ಟೇ ಎಂದೆ.

ಶನಿವಾರ ಸೋಲಲೆಂದೇ ಹೋದೆ. ಹೋಗದಿದ್ದರೆ, ಹೆದರಿದ ಎಂದು ಅವನು ಜಂಪಣ್ಣನ ಬೆಂಚಿನ ಮೇಲೆ ಹೇಳಿಯಾನು ಎಂಬ ಸಿಟ್ಟಿಗೆ ಹೋದೆ. ಕೋಣೆಯಲ್ಲಿ ಹದಿನಾಲ್ಕು ಜನರಿದ್ದರು. ಹಿಂದೆ ಸಮಿತಿಯವರ ಕುರ್ಚಿಗಳು ಕಿರುಗುಟ್ಟುತ್ತಿದ್ದವು. ದೀಪಿಕಾ ನನ್ನ ಕಿವಿಗೆ ಹೆಡ್‌ಫೋನು ಕೊಟ್ಟು ದೂರ ಸರಿದಳು. ಗಂಟೆ ಹೊಡೆಯಿತು.

“ಹೆಸರು. ಬರೆಯುವ ಚೌಕ,” ಎಂದಿತು ದನಿ.

ನನ್ನ ಬೆರಳು ನಿಂತಿತು. ಟೇಬಲ್ ಎನ್ನಲಿಲ್ಲ. ಹೆಸರು ಎಂದು ಹೇಳಿ, ಅದರ ಚೌಕದ ಮುಂದೆಯೇ ನನ್ನನ್ನು ನಿಲ್ಲಿಸಿತ್ತು. ಗಾದ್ರಪ್ಪ ಎಂದು ಬರೆದು ಮುಂದಕ್ಕೆ ಒತ್ತಿದೆ. “ಊರು. ಬರೆಯುವ ಚೌಕ.” ಕೊಂಡ್ಲಹಳ್ಳಿ. ಮತ್ತೆ ಒತ್ತಿದೆ.

“ಹೋಬಳಿ. ಮಾವನ ಹೆಸರು ಇಲ್ಲಿ ಬರೀಬ್ಯಾಡ ಕಣಲೇ. ಬರೆಯುವ ಚೌಕ.”

ಹೆಡ್‌ಫೋನು ಕಿತ್ತೆ. ಎಲ್ಲರಿಗೂ ಕೇಳಿತೇನೋ, ಈಗ ನಗುತ್ತಾರೇನೋ ಎಂದು ಹಿಂದಕ್ಕೆ ಕಿವಿಗೊಟ್ಟೆ. ಯಾರೂ ನಗಲಿಲ್ಲ. ದೀಪಿಕಾ ಹತ್ತಿರ ಬಂದಳು.

“ಏನಾಯ್ತು ಸರ್?”

“ಪರದೆ ಮ್ಯಾಲೆ ಈಗ ಏನು ಬರ್ದೈತೆ?”

“ಹೋಬಳಿ ಅಂತ ಇದೆ, ಅಷ್ಟೇ. ಗೆರೆ ಎಲ್ಲ ಮೊದಲಿನ ಥರಾನೇ ಇದೆ.”

ಪರದೆಯ ಮೇಲೆ ಆ ಮಾತು ಇರಲೇ ಇಲ್ಲ. ಕಣ್ಣಿಗೆ ಕಾಣದಂತೆ ಅಡಗಿಸಿ, ಓದುವ ದನಿಗೆ ಮಾತ್ರ ಸಿಗುವಂತೆ ಸಿಎಸ್ಎಸ್‌ನಲ್ಲಿ ಬರೆಯಲು ಬರುತ್ತದೆ ಎಂದು ದೀಪಿಕಾ ಆಮೇಲೆ ಹೇಳಿದಳು. ತಾನು ಅದನ್ನು ಅವನಿಗೆ ಕಲಿಸಿಲ್ಲ ಎಂದೂ ಹೇಳಿದಳು. ಆ ಕೋಣೆಯಲ್ಲಿ ಆ ಮಾತು ಇದ್ದದ್ದು ನನ್ನೊಬ್ಬನಿಗೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಭಾವ ಮಧ್ಯೆ ಯಾರನ್ನೂ ಇಟ್ಟುಕೊಳ್ಳದೆ ನನಗೇ ಆಡಿದ ಮೊದಲ ಮಾತು ಅದು. ಅದೂ ಬೈಗುಳ.

ಹೆಡ್‌ಫೋನು ಮತ್ತೆ ಹಾಕಿಕೊಂಡೆ. ಹೋಬಳಿ ಬರೆದೆ, ತಾಲ್ಲೂಕು ಬರೆದೆ.

“ತಂದೆಯ ಹೆಸರು. ಇಲ್ಲಿ ಬರಿ. ಬರೆಯುವ ಚೌಕ.”

ನನಗೆ ಅಳು ಬಂತು. ಈ ನನ್ಮಗನಿಗೆ ಅಳಿಸುವ ಹಕ್ಕನ್ನು ಯಾರು ಕೊಟ್ಟರು ಎಂದು ಸಿಟ್ಟೂ ಬಂತು. ದೊಡ್ಡೀರಪ್ಪ ಎಂದು ಒಂದೊಂದೇ ಅಕ್ಷರ ಒತ್ತಿದೆ. ದನಿ ಅದನ್ನು ತಿರುಗಿ ಓದಿ ಹೇಳಿತು. ಉಳಿದ ಚೌಕಗಳು ಹೇಗೆ ಮುಗಿದವೋ ತಿಳಿಯಲಿಲ್ಲ. ಹದಿನಾಲ್ಕು ಜನರಲ್ಲಿ ಮೊದಲು ಎದ್ದವನು ನಾನು.

ಸಂದರ್ಶನವೂ ಮುಗಿದು ಜೂನ್‌ನಲ್ಲಿ ಕೆಲಸದ ಆದೇಶ ಬಂತು. ಅದನ್ನು ಹಿಡಿದು ಅಕ್ಕನ ಮನೆಗೆ ಹೋದೆ. ಅವಳು ನನ್ನ ಬಾಯಿಗೆ ಬೆಲ್ಲ ತುರುಕಿ, ಅಪ್ಪನನ್ನು ನೆನೆದು ಅತ್ತಳು. ಒಳಗಿನಿಂದ ಟಿಕ್ ಟಿಕ್ ಸದ್ದು ಬಂದು ಎದುರಿನ ಕುರ್ಚಿಯಲ್ಲಿ ಕೂತಿತು.

“ರಂಗೀ, ಪ್ರೂಫಲ್ಲಿ ತಪ್ಪಿತ್ತಾ ಕೇಳು ಇವನನ್ನ.”

“ಒಂದೂ ಇರ್ಲಿಲ್ಲ ಅಂತ ಹೇಳಕ್ಕ.”

“ಇರಲ್ಲ ಅಂತ ಹೇಳು. ಚಾದಂಗಡೀಲಿ ಆಡಿದ್ದು ತಪ್ಪಾಯ್ತು ಅಂತಾನೂ ಹೇಳು.”

“ನೀವೇ ಹೇಳ್ಕಳ್ರಪ್ಪ,” ಎಂದು ಅಕ್ಕ ಎದ್ದಳು. “ನನಗೆ ಒಲೆ ಮ್ಯಾಲೆ ಹಾಲೈತೆ.”

ಅವಳ ಬಳೆಯ ಸದ್ದು ಅಡುಗೆಮನೆಗೆ ಹೋಯಿತು. ಮಧ್ಯದಲ್ಲಿ ಯಾರೂ ಉಳಿಯಲಿಲ್ಲ. ಮಿಲ್ಲಿನ ಸದ್ದು ದೂರದಿಂದ ಬರುತ್ತಿತ್ತು. ಅವನು ಸ್ಕೇಲನ್ನು ಜೇಬಿನಿಂದ ತೆಗೆದ, ಮತ್ತೆ ಒಳಗಿಟ್ಟ. ನಾನು ಸಹಾಯ ಮಾಡಲಿಲ್ಲ. ಅಷ್ಟು ಬೇಗ ನನ್ನ ಸಿಟ್ಟು ಇಳಿಯುವಂಥದ್ದಲ್ಲ.

“ಗಾದ್ರೀ,” ಎಂದ ಕೊನೆಗೆ. “ಚಾ ಕುಡೀತೀಯೇನಲೇ?”

“ಕುಡೀತೀನ್ರಿ,” ಎಂದೆ.